ನಡುಗಡಲಲ್ಲಿ ನಾವು ಎಲ್ಲಿದ್ದೇವೆ?

ಹಡಗು, ದೋಣಿ, ಜಿಪಿಎಸ್ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ನಾನು ಸರಕು ಹಡಗುಗಳ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ವಾಚ್ (ಪಾಳಿಯ ಕಾವಲು) ನಿಂತವನು. ಆಮೇಲೆ ಹೊಸಬರಿಗೆ ನೌಕಾಯಾನ ಹೇಳಿಕೊಟ್ಟವನು. ಮನಸ್ಸಿಗೆ ಹತ್ತಿರವಾದ ವಿಷಯ ಆದ್ದರಿಂದ ಕೆಲವು ಉತ್ತರ ಉದ್ದವಾಗಿವೆ.

ಪ್ರಶ್ನೆ: ಸರ್, ನಡುಗಡಲಲ್ಲಿ ಮೊಬೈಲ್ ನೆಟ್‌ವರ್ಕ್ ಇರುವುದಿಲ್ಲ. ಆದರೂ ಜಿಪಿಎಸ್ ಹೇಗೆ ಕೆಲಸ ಮಾಡುತ್ತದೆ? ಹಡಗು ಉಪಗ್ರಹಕ್ಕೆ ಸಂದೇಶ ಕಳಿಸಿ ಕೇಳುತ್ತದೆಯೇ?
— ಬಿಎಸ್ಸಿ ಓದುತ್ತಿರುವ ವಿದ್ಯಾರ್ಥಿನಿ

ಇಲ್ಲ. ಹಡಗಿನ ರಿಸೀವರ್ ಏನನ್ನೂ ಕಳಿಸುವುದಿಲ್ಲ, ಸುಮ್ನೆ ಕೇಳಿಸಿಕೊಳ್ಳುತ್ತದೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುತ್ತವೆ. 'ನಾನು ಇಂಥ ಉಪಗ್ರಹ, ಈಗ ಇಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಗಂಟೆ' ಎಂದು ಒಂದೇ ಸಮನೆ ಹೇಳುತ್ತಿರುತ್ತವೆ. ಆ ಮಾತು ನಮ್ಮ ಆಂಟೆನಾ ಮುಟ್ಟಲು ಸೆಕೆಂಡಿನ ಹದಿನೈದನೇ ಒಂದು ಭಾಗದಷ್ಟು ಹೊತ್ತು ಬೇಕು. ಎಷ್ಟು ತಡವಾಗಿ ಬಂತು ಅಂತ ಗೊತ್ತಾದರೆ ಉಪಗ್ರಹ ಎಷ್ಟು ದೂರದಲ್ಲಿದೆ ಅಂತಲೂ ಗೊತ್ತಾಗುತ್ತದೆ.

ಕಷ್ಟ ಇರುವುದು ಗಡಿಯಾರದಲ್ಲಿ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಹೆಚ್ಚುಕಮ್ಮಿಯಾದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇದೆ. ಹಡಗಿನ ರಿಸೀವರ್‌ನಲ್ಲಿರುವುದು ಸಾಧಾರಣ ಗಡಿಯಾರ. ಅದರ ತಪ್ಪನ್ನೂ ಕಂಡುಹಿಡಿಯಬೇಕಲ್ವಾ? ಅದಕ್ಕೇ ನಾಲ್ಕನೇ ಉಪಗ್ರಹ ಬೇಕು. ಅಕ್ಷಾಂಶ, ರೇಖಾಂಶ, ಎತ್ತರ, ಗಡಿಯಾರದ ತಪ್ಪು: ಗೊತ್ತಿಲ್ಲದ್ದು ನಾಲ್ಕು, ಬೇಕಾದ ಅಳತೆಯೂ ನಾಲ್ಕು.

ನೀವು ಭೌತಶಾಸ್ತ್ರ ಓದುತ್ತಿದ್ದರೆ ಇದನ್ನೂ ಕೇಳಿ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯಿಂದಾಗಿ ಅಷ್ಟು ಎತ್ತರದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ದೂರದ ಲೆಕ್ಕ ಹನ್ನೊಂದು ಕಿಲೋಮೀಟರ್‌ನಷ್ಟು ಕೆಡುತ್ತದೆ.

ಪ್ರಶ್ನೆ: ಜಿಪಿಎಸ್ ಬರುವ ಮೊದಲು ಹಡಗಿನವರು ಏನು ಮಾಡುತ್ತಿದ್ದರು? ಬರೀ ನಕ್ಷತ್ರ ನೋಡಿಕೊಂಡೇ ಹೋಗುತ್ತಿದ್ದರೇ?
— ನಿವೃತ್ತ ಶಿಕ್ಷಕರು

ನಕ್ಷತ್ರ, ಸೂರ್ಯ, ದೀಪಸ್ತಂಭ, ದಡದಿಂದ ಬರುವ ರೇಡಿಯೊ, ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ನಕ್ಷತ್ರ ಅಳೆಯುವುದಕ್ಕೆ ಸಿಗುವ ಹೊತ್ತು ಬಹಳ ಕಡಿಮೆ ಮೇಷ್ಟ್ರೇ. ಸಂಜೆ ನಕ್ಷತ್ರ ಮೂಡಿರಬೇಕು, ಆದರೆ ನೀರು ಆಕಾಶ ಸೇರುವ ಗೆರೆಯೂ ಇನ್ನೂ ಕಾಣುತ್ತಿರಬೇಕು. ಅಷ್ಟರಲ್ಲಿ ಕೋನ ಅಳೆಯುವ ಸೆಕ್ಸ್‌ಟೆಂಟ್ ಹಿಡಿದು ಐದಾರು ನಕ್ಷತ್ರದ ಎತ್ತರ ಅಳೆದು, ಪ್ರತಿಯೊಂದಕ್ಕೂ ಸೆಕೆಂಡಿನ ಲೆಕ್ಕದಲ್ಲಿ ಸಮಯ ಬರೆದುಕೊಳ್ಳಬೇಕು. ಮೋಡ ಮುಚ್ಚಿದರೆ ಆವತ್ತು ಅಷ್ಟೇ. ಎಲ್ಲ ಸರಿ ಹೋದರೆ ಒಂದೆರಡು ಮೈಲಿಯೊಳಗೆ ನಮ್ಮ ಜಾಗ ಸಿಗುತ್ತಿತ್ತು.

ಉಪಗ್ರಹದ ಕಾಲವೂ ಜಿಪಿಎಸ್‌ನಿಂದ ಶುರುವಾಗಿದ್ದಲ್ಲ. 1957ರಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದಾಗ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಪ್ರಯೋಗಾಲಯದಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಅದರ ಬೀಪ್ ಬೀಪ್ ಸದ್ದನ್ನು ಕೇಳುತ್ತಾ ಕೂತರು. ಉಪಗ್ರಹ ಹತ್ತಿರ ಬರುವಾಗ ಅದರ ರೇಡಿಯೊ ಅಲೆಯ ಆವರ್ತನ ಏರುತ್ತದೆ, ದೂರ ಹೋಗುವಾಗ ಇಳಿಯುತ್ತದೆ. ಆ ಏರಿಳಿತವೊಂದರಿಂದಲೇ ಉಪಗ್ರಹದ ಕಕ್ಷೆಯನ್ನು ಲೆಕ್ಕ ಹಾಕಿದರು. ಅವರ ಹಿರಿಯರಾದ ಫ್ರಾಂಕ್ ಮೆಕ್ಲೂರ್ ಅದನ್ನೇ ತಿರುಗಿಸಿ ಕೇಳಿದರು: ಉಪಗ್ರಹ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದರೆ, ನಾವು ಎಲ್ಲಿದ್ದೇವೆ ಅಂತ ತಿಳಿಯಬಹುದಲ್ಲ? ಅಲ್ಲಿಂದ ಹುಟ್ಟಿದ್ದು ಟ್ರಾನ್ಸಿಟ್ ವ್ಯವಸ್ಥೆ. 1964ರಲ್ಲಿ ನೌಕಾಪಡೆಯ ಜಲಾಂತರ್ಗಾಮಿಗಳ ಬಳಕೆಗೆ ಬಂತು. 1967ರಲ್ಲಿ ಬೇರೆ ಹಡಗುಗಳಿಗೂ ಕೊಟ್ಟರು. 1996ರವರೆಗೂ ನಡೆಯಿತು.

ನೋಡಿ, ಉಪಗ್ರಹದಿಂದ ದಾರಿ ಹುಡುಕುವುದು ಮೊದಲು ಬಂದದ್ದೇ ಕಡಲಿಗೆ. ಆದರೆ ಟ್ರಾನ್ಸಿಟ್‌ನಲ್ಲಿ ಉಪಗ್ರಹ ತಲೆ ಮೇಲೆ ಹಾಯುವವರೆಗೆ ಕಾಯಬೇಕು. ಕೆಲವೊಮ್ಮೆ ಒಂದು ಗಂಟೆಗೂ ಜಾಸ್ತಿ. ಹಡಗಿನ ವೇಗವನ್ನೂ ನಾವೇ ಹೇಳಬೇಕು, ಅದು ತಪ್ಪಾದರೆ ಸ್ಥಾನವೂ ತಪ್ಪು. ಜಿಪಿಎಸ್ ಬಂದ ಮೇಲೆ ಈ ಎರಡೂ ಕಷ್ಟ ತಪ್ಪಿತು. 2000ದ ಮೇ ತಿಂಗಳಲ್ಲಿ ಅಮೆರಿಕ ಜನಸಾಮಾನ್ಯರ ಜಿಪಿಎಸ್‌ಗೆ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್‌ವರೆಗೂ ಅತ್ತಿತ್ತ ಆಡುತ್ತಿದ್ದ ಅಂಕಿ ರಾತ್ರೋರಾತ್ರಿ ಹತ್ತಿಪ್ಪತ್ತು ಮೀಟರ್‌ಗೆ ಇಳಿಯಿತು.

ಪ್ರಶ್ನೆ: ಜಿಪಿಎಸ್, ಗ್ಲೋನಾಸ್, ಗೆಲಿಲಿಯೊ, ಬೈಡೌ, ನಾವಿಕ್. ಇವುಗಳಲ್ಲಿ ಯಾವುದು ಒಳ್ಳೆಯದು?

ಒಂದನ್ನೇ ಆರಿಸುವ ಅಗತ್ಯವಿಲ್ಲ. ಹಲವು ವ್ಯವಸ್ಥೆಗಳನ್ನು ಒಟ್ಟಿಗೆ ಕೇಳುವ ರಿಸೀವರ್ ಇಟ್ಟುಕೊಳ್ಳಿ. ಅಮೆರಿಕ, ರಷ್ಯಾ, ಯುರೋಪ್, ಚೀನಾದ ಮೊದಲ ನಾಲ್ಕೂ ಇಡೀ ಭೂಮಿಗೆ ಸಿಗುತ್ತವೆ. ಭಾರತದ ನಾವಿಕ್ ಭಾರತ ಮತ್ತು ಅದರ ಸುತ್ತ 1,500 ಕಿಲೋಮೀಟರ್‌ವರೆಗಿನ ಜಾಗಕ್ಕೆ ಮಾಡಿದ್ದು. ಹಡಗುಗಳು ಅದನ್ನು ಬಳಸಬಹುದು ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2020ರ ನವೆಂಬರ್‌ನಲ್ಲಿ ಒಪ್ಪಿತು. ಒಂದು ಮಾತು ಮಾತ್ರ ನೆನಪಿಡಿ. ಐದೂ ವ್ಯವಸ್ಥೆಗಳ ಅಲೆ ಬಹಳ ದೂರದಿಂದ, ಬಹಳ ಕ್ಷೀಣವಾಗಿ ಬರುತ್ತದೆ. ಹಾಗಾಗಿ ಒಂದನ್ನು ಕೆಡಿಸುವ ತೊಂದರೆ ಉಳಿದವನ್ನೂ ಕೆಡಿಸಬಹುದು.

ಪ್ರಶ್ನೆ: ನನ್ನ ಬೋಟ್ ನೀರಿನಲ್ಲೇ ಇರುತ್ತದೆ. ಕಡಲ ನಕ್ಷೆಯ ಮೇಲೆ ಬೋಟ್‌ನ ಸ್ಥಾನ ತೋರಿಸುವ ಪ್ಲಾಟರ್ ಪರದೆಯಲ್ಲಿ ಮಾತ್ರ ದಡದ ಮೇಲೆ ಹತ್ತಿದಂತೆ ಕಾಣುತ್ತದೆ. ಜಿಪಿಎಸ್ ಕೆಟ್ಟಿದೆಯೇ?
— ಬೋಟ್ ಮಾಲೀಕರು

ಹೆಚ್ಚಿನ ಸಲ ಜಿಪಿಎಸ್ ಸರಿಯಾಗೇ ಇರುತ್ತದೆ, ತಪ್ಪಿರುವುದು ಚಾರ್ಟ್, ಅಂದರೆ ಕಡಲ ನಕ್ಷೆ. ಅಕ್ಷಾಂಶ ರೇಖಾಂಶ ಅಳೆಯಲು ಭೂಮಿಗೆ ಒಂದು ಆಕಾರ, ಒಂದು ಕೇಂದ್ರ ಅಂತ ಇಟ್ಟುಕೊಳ್ಳಬೇಕಾಗುತ್ತದೆ. ಜಿಪಿಎಸ್ ಬಳಸುವ ಆಧಾರಕ್ಕೆ ಡಬ್ಲ್ಯೂಜಿಎಸ್ 84 ಎಂದು ಹೆಸರು. ಹಳೆಯ ಚಾರ್ಟ್‌ಗಳನ್ನು ಆಯಾ ದೇಶದವರು ತಮ್ಮದೇ ಆಧಾರದ ಮೇಲೆ ಬರೆದಿದ್ದರು. ಅಂಕಿ ಅದೇ ಇದ್ದರೂ ಎರಡು ಆಧಾರದಲ್ಲಿ ಜಾಗ ನೂರಾರು ಮೀಟರ್ ಬೇರೆಯಾಗಬಹುದು. ಕಾಗದದ ಚಾರ್ಟ್‌ನಲ್ಲಿ ಶೀರ್ಷಿಕೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಈ ವಿಷಯ ಬರೆದಿರುತ್ತದೆ. ಜಿಪಿಎಸ್ ಸ್ಥಾನವನ್ನು ಎಷ್ಟು ಸರಿಸಿ ಗುರುತು ಹಾಕಬೇಕು ಅಂತಲೂ ಅಲ್ಲೇ ಇರುತ್ತದೆ. ನಿಮ್ಮ ಪ್ಲಾಟರ್‌ನ ಸೆಟ್ಟಿಂಗ್‌ನಲ್ಲಿ ಈ ಆಧಾರವನ್ನು ಹೇಳುವ ಡೇಟಂ ಎಂಬ ಸಾಲು ನೋಡಿ. ಯಾರೋ ಅದನ್ನು ಬದಲಿಸಿರಬಹುದು.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಚಾರ್ಟ್‌ನಲ್ಲಿ ಕಾಣುವ ಆಳದ ಅಂಕಿ ಯಾವಾಗ ಅಳೆದದ್ದು? ಎಷ್ಟೋ ಕಡಲ ಭಾಗಗಳಲ್ಲಿ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟ ಕಾಲದ ಅಳತೆಯೇ ಇನ್ನೂ ಇದೆ. ಎರಡು ಅಳತೆಗಳ ನಡುವೆ ಬಂಡೆ ಇದ್ದರೆ ಅದು ಚಾರ್ಟ್‌ಗೆ ಬಂದೇ ಇಲ್ಲ. ಅಂಥ ಕಡೆ ನಿಮ್ಮ ಸ್ಥಾನ ಐದು ಮೀಟರ್ ನಿಖರವಾಗಿ ಗೊತ್ತಿದ್ದರೂ ಬಂಡೆಯ ಸ್ಥಾನ ಯಾರಿಗೂ ಗೊತ್ತಿಲ್ಲ.

ಪರದೆಯನ್ನು ದೊಡ್ಡದು ಮಾಡಿ ನೋಡುವುದನ್ನೂ ಬಿಡಬೇಡಿ. 2014ರ ನವೆಂಬರ್ 29ರಂದು ವೋಲ್ವೋ ಓಷನ್ ರೇಸ್‌ನಲ್ಲಿದ್ದ ವೆಸ್ಟಾಸ್ ವಿಂಡ್ ಎಂಬ ಹಾಯಿದೋಣಿ ಹಿಂದೂ ಮಹಾಸಾಗರದಲ್ಲಿ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ದೋಣಿಯಲ್ಲಿದ್ದವರು ಪಳಗಿದ ನಾವಿಕರು. ಜಿಪಿಎಸ್ ಸರಿಯಿತ್ತು. ಎಲೆಕ್ಟ್ರಾನಿಕ್ ಚಾರ್ಟ್‌ನಲ್ಲಿ ದಿಬ್ಬವೂ ಇತ್ತು. ಆದರೆ ಅವರು ನೋಡುತ್ತಿದ್ದ ಅಳತೆಯಲ್ಲಿ ಅದರ ಅಪಾಯ ಕಾಣಿಸಲಿಲ್ಲ, ದೊಡ್ಡದು ಮಾಡಿದರೆ ಮಾತ್ರ ಪೂರ್ತಿ ಕಾಣುತ್ತಿತ್ತು. ಯಾರ ಜೀವವೂ ಹೋಗಲಿಲ್ಲ ಅನ್ನುವುದೇ ಸಮಾಧಾನ. ಹೊರಡುವ ಮೊದಲು ಹಾಕಿದ ದಾರಿಯ ಉದ್ದಕ್ಕೂ ಚಾರ್ಟನ್ನು ಹತ್ತಿರಕ್ಕೆ ತಂದು ತುಂಡು ತುಂಡಾಗಿ ನೋಡಿಕೊಂಡು ಹೋಗಿ. ಬೇಜಾರಿನ ಕೆಲಸ ನಿಜ. ಆದರೂ ಮಾಡಿ.

ಪ್ರಶ್ನೆ: ಕಂಪಾಸ್ 090 ತೋರಿಸುತ್ತದೆ, ಜಿಪಿಎಸ್ 079 ಅನ್ನುತ್ತದೆ. ಯಾವುದನ್ನು ನಂಬಲಿ?

ಕಂಪಾಸ್‌ನಲ್ಲೇ ದೋಷವಿಲ್ಲದಿದ್ದರೆ ಎರಡನ್ನೂ ನಂಬಿ. ಕಂಪಾಸ್ ಹೇಳುವುದು ಹಡಗಿನ ಮೂತಿ ಎತ್ತ ಇದೆ ಅಂತ. ಜಿಪಿಎಸ್ ಹೇಳುವುದು ಹಡಗು ನೆಲದ ಲೆಕ್ಕದಲ್ಲಿ ಎತ್ತ ಸಾಗುತ್ತಿದೆ ಅಂತ. ನೀವು ಹತ್ತು ನಾಟ್ (ಗಂಟೆಗೆ ಹತ್ತು ನಾಟಿಕಲ್ ಮೈಲಿ) ವೇಗದಲ್ಲಿ ನೇರ ಪೂರ್ವಕ್ಕೆ, ಅಂದರೆ ಉತ್ತರದಿಂದ ಬಲಕ್ಕೆ ಎಣಿಸಿದರೆ 090 ಡಿಗ್ರಿಗೆ, ಮೂತಿ ಇಟ್ಟು ಹೋಗುತ್ತಿದ್ದೀರಿ, ಎರಡು ನಾಟ್ ಸೆಳೆತ ಉತ್ತರಕ್ಕೆ ಎಳೆಯುತ್ತಿದೆ ಎಂದುಕೊಳ್ಳಿ. ಆಗ ನಿಜವಾಗಿ ಸಾಗುವುದು 079ರ ಕಡೆಗೇ. ಮೊದಲೆಲ್ಲ ಈ ಸೆಳೆತ ಗೊತ್ತಾಗುತ್ತಿದ್ದದ್ದು ಗಂಟೆಗಳ ಮೇಲೆ, ಎರಡು ಸ್ಥಾನ ಗುರುತಿಸಿ ಹೋಲಿಸಿದಾಗ. ಈಗ ಆ ಕ್ಷಣವೇ ಗೊತ್ತಾಗುತ್ತದೆ. ಮೂತಿಯನ್ನು ಸುಮಾರು 101ಕ್ಕೆ ತಿರುಗಿಸಿದರೆ ನಿಮ್ಮ ದಾರಿ 090 ಆಗುತ್ತದೆ. ನಿಂತ ದೋಣಿಯಲ್ಲಿ ಮಾತ್ರ ಜಿಪಿಎಸ್‌ನ ದಿಕ್ಕನ್ನು ನೋಡಬೇಡಿ, ಅದು ಸುಮ್ಮನೆ ಗಿರಗಿರ ತಿರುಗುತ್ತಿರುತ್ತದೆ.

ಪ್ರಶ್ನೆ: ನನ್ನ ಮಗ ಕೆಡೆಟ್ ಆಗಿ ಹಡಗಿಗೆ ಸೇರಿದ್ದಾನೆ. ರಾತ್ರಿ ಹೊತ್ತು ಯಾರಾದರೂ ನೀರಿಗೆ ಬಿದ್ದರೆ, ಹಡಗು ಮುಳುಗಿದರೆ, ಹುಡುಕುವುದಾದರೂ ಹೇಗೆ? ನಿದ್ದೆ ಬರುವುದಿಲ್ಲ.
— ಒಬ್ಬ ತಾಯಿ

ಅಮ್ಮಾ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ನನ್ನ ತಾಯಿಯೂ ಹೀಗೇ ಕೇಳುತ್ತಿದ್ದರು. ಅವರ ಕಾಲಕ್ಕಿಂತ ನಿಮ್ಮ ಮಗನ ಕಾಲ ಎಷ್ಟೋ ವಾಸಿ.

ಯಾರಾದರೂ ನೀರಿಗೆ ಬಿದ್ದದ್ದು ಕಂಡರೆ ಬ್ರಿಡ್ಜ್‌ನಲ್ಲಿರುವವನು ಜಿಪಿಎಸ್‌ನ ಒಂದು ಗುಂಡಿ ಒತ್ತುತ್ತಾನೆ. ಆ ಕ್ಷಣದ ಸ್ಥಾನ ಅಲ್ಲೇ ದಾಖಲಾಗುತ್ತದೆ. ಹಡಗು ತಿರುಗಿ ಬರುವ ಹೊತ್ತಿಗೆ ಮೈಲಿ ಮುಂದೆ ಹೋಗಿದ್ದರೂ ಎಲ್ಲಿಗೆ ಹಿಂದಿರುಗಬೇಕು ಅನ್ನುವುದು ಪರದೆಯ ಮೇಲಿರುತ್ತದೆ. ಹೊಸ ಹುಡುಗರಿಗೆ ನಾನು ಒತ್ತಿ ಒತ್ತಿ ಹೇಳುತ್ತಿದ್ದದ್ದು ಇದು: ಗುರುತು ಕಡಲ ತಳಕ್ಕೆ ಅಂಟಿದ್ದು, ಮನುಷ್ಯ ಮಾತ್ರ ನೀರಿನ ಜೊತೆ ಸರಿಯುತ್ತಿರುತ್ತಾನೆ. ಆದ್ದರಿಂದ ಗುರುತಿನಿಂದ ಸೆಳೆತ ಹೋಗುವ ಕಡೆಗೆ ಹುಡುಕಬೇಕು. ದೀಪವಿರುವ ಲೈಫ್‌ಬಾಯ್ (ಹಿಡಿದು ತೇಲುವ ಬಳೆ) ಕೂಡಲೇ ಎಸೆಯಬೇಕು. ಒಬ್ಬ ಕೈ ಚಾಚಿ ಬಿದ್ದವನನ್ನೇ ತೋರಿಸುತ್ತಾ ನಿಲ್ಲಬೇಕು, ಕಣ್ಣು ತೆಗೆಯಲೇಬಾರದು.

ಹಡಗಿಗೇ ಅಪಾಯವಾದರೆ ರೇಡಿಯೊದಲ್ಲಿ ಕೆಂಪು ಗುಂಡಿ ಇದೆ. ಒತ್ತಿದರೆ ಹಡಗಿನ ಗುರುತಿನ ಸಂಖ್ಯೆ ಮತ್ತು ಜಿಪಿಎಸ್ ಸ್ಥಾನ ಸುತ್ತಲಿನ ಹಡಗುಗಳಿಗೆ ತಾನಾಗಿ ಹೋಗುತ್ತದೆ. ಇದಲ್ಲದೆ ಡೆಕ್ ಮೇಲೆ ಇಪಿಐಆರ್‌ಬಿ ಎಂಬ ಬೀಕನ್ ಇರುತ್ತದೆ. ಹಡಗು ಮುಳುಗಿದರೆ ನೀರಿನ ಒತ್ತಡಕ್ಕೆ ಕೊಂಡಿ ಬಿಟ್ಟುಕೊಂಡು ಅದು ಮೇಲೆ ತೇಲಿ ಬರುತ್ತದೆ. ಯಾರೂ ಮುಟ್ಟದೆಯೇ 406 ಮೆಗಾಹರ್ಟ್ಸ್‌ನಲ್ಲಿ ಕರೆಯಲು ಶುರು ಮಾಡುತ್ತದೆ. ಉಪಗ್ರಹಗಳು ಆ ಕರೆಯನ್ನು ರಕ್ಷಣಾ ಕೇಂದ್ರಕ್ಕೆ ಮುಟ್ಟಿಸುತ್ತವೆ. ಅಮೆರಿಕ, ರಷ್ಯಾ, ಕೆನಡಾ, ಫ್ರಾನ್ಸ್ ಸೇರಿ ಕಟ್ಟಿದ ಕೋಸ್ಪಾಸ್-ಸಾರ್ಸಾಟ್ ವ್ಯವಸ್ಥೆ ಇದು. ಶೀತಲ ಸಮರದ ನಡುವೆಯೂ ಈ ದೇಶಗಳು ಇದಕ್ಕೆ ಕೈಜೋಡಿಸಿದವು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ. 1982ರಿಂದ ಜೀವ ಉಳಿಸುತ್ತಾ ಬಂದಿದೆ. ಬೀಕನ್‌ನೊಳಗೆ ಜಿಪಿಎಸ್ ಇದ್ದರೆ ನಿಖರ ಸ್ಥಾನವೂ ಕರೆಯ ಜೊತೆಗೇ ಹೋಗುತ್ತದೆ.

ಪ್ರಶ್ನೆ: ಸಣ್ಣ ದೋಣಿಯಲ್ಲಿ ಮೊಬೈಲ್‌ನ ಜಿಪಿಎಸ್ ಸಾಕಲ್ವಾ?

ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ನೀರು ತಾಗಿದರೆ, ಚಾರ್ಜ್ ಮುಗಿದರೆ ಅದು ಕೈಗೆ ಸಿಗುವುದಿಲ್ಲ. ಇನ್ನೊಂದು ಅಪಾಯವೂ ಇದೆ. ಮೊಬೈಲ್ ಹೆಚ್ಚಾಗಿ ಸ್ಥಾನವನ್ನು ದಶಮಾಂಶ ಡಿಗ್ರಿಯಲ್ಲಿ ತೋರಿಸುತ್ತದೆ. ಹಡಗಿನವರು ಡಿಗ್ರಿ ಮತ್ತು ಮಿನಿಟ್‌ನಲ್ಲಿ ಮಾತಾಡುತ್ತಾರೆ. ಅಕ್ಷಾಂಶ 13.50 ಡಿಗ್ರಿ ಅಂದರೆ 13 ಡಿಗ್ರಿ 30 ಮಿನಿಟ್. ಗಾಬರಿಯಲ್ಲಿ ಅದನ್ನೇ '13 ಡಿಗ್ರಿ 50 ಮಿನಿಟ್' ಅಂತ ಓದಿ ಹೇಳಿದರೆ ನಿಮ್ಮನ್ನು ಹುಡುಕುವವರು 20 ನಾಟಿಕಲ್ ಮೈಲಿ ಆಚೆ ಹೋಗಿ ಹುಡುಕುತ್ತಾರೆ. ಸೆಟ್ಟಿಂಗ್ ಅನ್ನು ಇವತ್ತೇ ಬದಲಿಸಿಕೊಳ್ಳಿ.

ಪ್ರಶ್ನೆ: ಜಿಪಿಎಸ್ ತಪ್ಪು ಹೇಳುವುದುಂಟೇ? ಹೇಳಿದರೆ ನಮಗೆ ಗೊತ್ತಾಗುವುದು ಹೇಗೆ?
— ನೌಕಾಯಾನ ಕಲಿಯುತ್ತಿರುವ ಯುವಕ

ಉಂಟು. ಅದು ತಾನಾಗಿ ನಿಮ್ಮ ಗಮನ ಸೆಳೆಯುತ್ತದೆ ಅಂತ ಮಾತ್ರ ಕಾಯಬೇಡಿ. ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗಿನ ಕಥೆಯನ್ನು ನಾನು ಪಾಠ ಮಾಡಿದ ಪ್ರತಿ ತಂಡಕ್ಕೂ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ.

1995ರ ಜೂನ್‌ನಲ್ಲಿ ಅದು ಬರ್ಮುಡಾದಿಂದ ಬಾಸ್ಟನ್‌ಗೆ ಹೊರಟಿತ್ತು. ಹೊರಟು ಸ್ವಲ್ಪ ಹೊತ್ತಿಗೇ ಜಿಪಿಎಸ್ ಆಂಟೆನಾದ ಕೇಬಲ್ ಕಳಚಿಕೊಂಡಿತು. ರಿಸೀವರ್ ಒಂದು ಸಲ ಸಣ್ಣಗೆ ಕೂಗಿ ಸುಮ್ಮನಾಯಿತು. ಆಮೇಲೆ ಉಪಗ್ರಹದ ಮಾತಿಲ್ಲದೆ, ಬರೀ ವೇಗ ಮತ್ತು ದಿಕ್ಕು ಹಿಡಿದು ಅಂದಾಜು ಸ್ಥಾನ ತೋರಿಸತೊಡಗಿತು. ಪರದೆಯ ಮೂಲೆಯಲ್ಲಿ, ಇದು ಅಂದಾಜು ಲೆಕ್ಕ ಎಂದು ಸೂಚಿಸುವ 'ಡಿಆರ್' ಎಂಬ ಎರಡು ಸಣ್ಣ ಅಕ್ಷರ ಬಂದಿತ್ತು. ಯಾರೂ ಗಮನಿಸಲಿಲ್ಲ. ಆಟೊಪೈಲಟ್ ಆ ಅಂದಾಜನ್ನೇ ನಂಬಿ ಹಡಗು ನಡೆಸಿತು. ಗಾಳಿ ಮತ್ತು ಸೆಳೆತ ಪಶ್ಚಿಮಕ್ಕೆ ತಳ್ಳುತ್ತಾ ಹೋದವು. ಪರದೆಯ ಮೇಲೆ ಹಡಗು ಗೆರೆಯ ಮೇಲೇ ಇತ್ತು.

ಇಡೀ ಘಟನೆಯಲ್ಲಿ ನನ್ನನ್ನು ಕಾಡುವುದು ಮುಂದಿನ ಭಾಗ. ದಡದ ರೇಡಿಯೊ ಕೇಂದ್ರಗಳಿಂದ ಸ್ಥಾನ ಹೇಳುವ ಲೋರಾನ್ ರಿಸೀವರ್ ಅದೇ ಬ್ರಿಡ್ಜ್‌ನಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ದಾರಿಯಲ್ಲಿ ಒಂದು ಬೋಯಾ (ದಾರಿಯ ಗುರುತಿಗೆ ನೀರಲ್ಲಿ ತೇಲಿಬಿಟ್ಟದ್ದು) ಸಿಗಬೇಕಿತ್ತು. ರೇಡಾರ್‌ನಲ್ಲಿ ಬೇರೊಂದು ಬೋಯಾ ಕಂಡಿತು, ಅದನ್ನೇ ಇದು ಅಂದುಕೊಂಡರು. ಮುಂದಿನ ಬೋಯಾ ಕಾಣಲೇ ಇಲ್ಲ. ಆದರೂ ಪರದೆ ಹೇಳುತ್ತಿದೆಯಲ್ಲ ಅಂತ ಮುಂದುವರಿದರು. ಕೇಬಲ್ ಕಳಚಿ ಸುಮಾರು 34 ಗಂಟೆ ಆದ ಮೇಲೆ, ಜೂನ್ 10ರ ರಾತ್ರಿ, ನ್ಯಾಂಟಕೆಟ್ ದ್ವೀಪದ ಹತ್ತಿರ ಹಡಗು ಮರಳು ದಿಬ್ಬ ಹತ್ತಿ ಕೂತಿತು. ದಾರಿ ತಪ್ಪಿದ್ದು 17 ಮೈಲಿ. ಹಡಗಿನಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಜನ. ಯಾರಿಗೂ ಪೆಟ್ಟಾಗಲಿಲ್ಲ.

ಅದು ಕಳಚಿದ ಕೇಬಲ್. ಈಗ ಬೇಕಂತಲೇ ಕೆಡಿಸುವವರೂ ಇದ್ದಾರೆ. ಜಿಪಿಎಸ್ ಅಲೆ ಎಷ್ಟು ಕ್ಷೀಣ ಅಂದರೆ ಹತ್ತಿರದಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇದ್ದರೂ ಅದನ್ನು ಮುಳುಗಿಸಿಬಿಡಬಹುದು. ಅದು ಹೇಗಾದರೂ ಗೊತ್ತಾಗುತ್ತದೆ, ರಿಸೀವರ್ ಕುರುಡಾಗುತ್ತದೆ. ಸುಳ್ಳು ಅಲೆ ಕಳಿಸಿ ಬೇರೆ ಸ್ಥಾನ ನಂಬಿಸುವುದು ಇನ್ನೂ ಅಪಾಯ. 2013ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಟಾಡ್ ಹಂಫ್ರೀಸ್ ತಂಡ ಮೆಡಿಟರೇನಿಯನ್‌ನಲ್ಲಿ ಒಂದು ದೊಡ್ಡ ಯಾಟ್ ಮೇಲೆ, ಮಾಲೀಕರ ಒಪ್ಪಿಗೆ ಪಡೆದೇ, ಇದನ್ನು ಮಾಡಿ ತೋರಿಸಿತು. ಹಡಗು ದಾರಿ ಬದಲಿಸಿತು, ಅಲಾರಂ ಒಂದೂ ಕೂಗಲಿಲ್ಲ. 2017ರ ಜೂನ್‌ನಲ್ಲಿ ಕಪ್ಪು ಸಮುದ್ರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಹಡಗುಗಳು ತಾವು ಒಂದು ವಿಮಾನ ನಿಲ್ದಾಣದಲ್ಲಿರುವುದಾಗಿ ತೋರಿಸಿದವು.

ಹಾಗಾದರೆ ಏನು ಮಾಡಬೇಕು? ಉಪಗ್ರಹಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿ ಹುಡುಕಿ. ದಡ ಹತ್ತಿರವಿದ್ದರೆ ರೇಡಾರ್. ಪರದೆಯ ಪ್ರಕಾರ ಮುಂದಿನ ಭೂಶಿರ 040ರಲ್ಲಿ 6.2 ಮೈಲಿ ಇದೆ ಅನ್ನಿ. ರೇಡಾರ್‌ನಲ್ಲಿ ಅಳೆಯಿರಿ. ಅಲ್ಲೂ 6.2 ಬಂದರೆ ಸರಿ. 5.4 ಬಂದರೆ ಅಲ್ಲೇ ನಿಂತು ಯೋಚಿಸಿ, ಕ್ಯಾಪ್ಟನ್‌ರನ್ನು ಕರೆಯಿರಿ. ಎಕೋ ಸೌಂಡರ್ ತೋರಿಸುವ ಆಳ ಚಾರ್ಟ್‌ನ ಆಳಕ್ಕೆ ತಾಳೆಯಾಗುತ್ತಿದೆಯೇ ನೋಡಿ. ಬೋಯಾ ಸಿಗಬೇಕಾದ ಹೊತ್ತಿಗೆ ಕಿಟಕಿಯಿಂದ ಕಣ್ಣಿಟ್ಟು ಹುಡುಕಿ, ಅದರ ಬಣ್ಣ, ದೀಪದ ಮಿಣುಕು ಎಣಿಸಿ. ನಡುಗಡಲಲ್ಲಿ ಸೂರ್ಯ ಇದ್ದಾನೆ, ನಕ್ಷತ್ರ ಇವೆ. ಅಮೆರಿಕದ ನೌಕಾ ಅಕಾಡೆಮಿ ಬಿಟ್ಟುಬಿಟ್ಟಿದ್ದ ನಕ್ಷತ್ರ ನೌಕಾಯಾನದ ಪಾಠವನ್ನು 2015ರಲ್ಲಿ ಮತ್ತೆ ಶುರು ಮಾಡಿತು. ಹಡಗುಗಳು ತಮ್ಮ ಸ್ಥಾನವನ್ನು ಒಂದಕ್ಕೊಂದು ರೇಡಿಯೊದಲ್ಲಿ ಹೇಳಿಕೊಳ್ಳುವ ಎಐಎಸ್ ನೋಡಿ ಜಿಪಿಎಸ್ ಸರಿ ಅಂತ ತೀರ್ಮಾನಿಸಬೇಡಿ, ಏಕೆಂದರೆ ಎಐಎಸ್ ಹೇಳುವ ಸ್ಥಾನವೂ ಜಿಪಿಎಸ್‌ನಿಂದಲೇ ಬಂದದ್ದು.

ಇನ್ನೊಂದು ಸಣ್ಣ ಕೆಲಸ. ವಾಚ್ ಇಲ್ಲದ ಹೊತ್ತಿನಲ್ಲಿ ಹಗಲು ಮೇಲಿನ ಡೆಕ್‌ಗೆ ಹತ್ತಿ ಆಂಟೆನಾದ ಬುಡ ಮುಟ್ಟಿ ನೋಡಿ. ಉಪ್ಪುಗಾಳಿಗೆ ಕೇಬಲ್‌ನ ಕನೆಕ್ಟರ್ ಹಸಿರು ಕಟ್ಟಿರುತ್ತದೆ, ಸುತ್ತಿದ ಟೇಪ್ ಬಿಸಿಲಿಗೆ ಸೀಳಿರುತ್ತದೆ. ಕೇಬಲ್ ಸಡಿಲ ಇದ್ದರೆ ಕೈಗೆ ಗೊತ್ತಾಗುತ್ತದೆ.

ಪ್ರಶ್ನೆ: ಜಲಾಂತರ್ಗಾಮಿ ನೀರಿನ ಒಳಗೇ ಜಿಪಿಎಸ್ ನೋಡುತ್ತಾ?
— ಎಂಟನೇ ತರಗತಿಯ ಹುಡುಗ

ಇಲ್ಲ ಮರಿ. ಜಿಪಿಎಸ್ ಅಲೆ ನೀರಿನೊಳಗೆ ಇಳಿಯುವುದೇ ಇಲ್ಲ. ಜಲಾಂತರ್ಗಾಮಿ ಮೇಲಕ್ಕೆ ಬಂದು ಆಂಟೆನಾವನ್ನು ನೀರಿನಿಂದ ಹೊರಗೆ ಚಾಚಿ ಸ್ಥಾನ ತಿಳಿದುಕೊಳ್ಳುತ್ತದೆ. ಒಳಗಿರುವಾಗ ಎಷ್ಟು ವೇಗ ಬದಲಾಯಿತು, ಎತ್ತ ತಿರುಗಿತು ಅನ್ನುವುದನ್ನು ಜೈರೊ ಮುಂತಾದ ಉಪಕರಣಗಳಿಂದ ಅಳೆದು ಲೆಕ್ಕ ಇಡುತ್ತದೆ. ಹೊತ್ತು ಹೋದಂತೆ ಆ ಲೆಕ್ಕದಲ್ಲಿ ತಪ್ಪು ಬೆಳೆಯುತ್ತದೆ, ಆಗ ಮತ್ತೆ ಮೇಲೆ ಬಂದು ಸರಿಮಾಡಿಕೊಳ್ಳಬೇಕು.

ನೀರಿನೊಳಗೆ ಇಳಿಯದ ಆ ಅಲೆ ಏನಾಗುತ್ತೆ ಗೊತ್ತಾ? ಹೆಚ್ಚಿನ ಪಾಲು ಕಡಲ ಮೇಲ್ಮೈಗೆ ಬಡಿದು ವಾಪಸ್ ಪುಟಿಯುತ್ತದೆ. ಕಡಲು ಶಾಂತವಾಗಿದ್ದರೆ ಒಂದು ತರಹ, ಗಾಳಿಗೆ ಕೆದರಿದ್ದರೆ ಇನ್ನೊಂದು ತರಹ. 2016ರ ಡಿಸೆಂಬರ್‌ನಲ್ಲಿ ನಾಸಾ ಸಿಗ್ನಸ್ ಎಂಬ ಎಂಟು ಪುಟ್ಟ ಉಪಗ್ರಹಗಳನ್ನು ಹಾರಿಸಿತು. ಅವು ಹೀಗೆ ಪುಟಿದು ಬಂದ ಜಿಪಿಎಸ್ ಅಲೆಯನ್ನು ಹಿಡಿದು, ಜೋರು ಮಳೆಯ ಒಳಗೂ, ಚಂಡಮಾರುತದ ನಡುವೆ ಗಾಳಿ ಎಷ್ಟು ಬಿರುಸಾಗಿದೆ ಅಂತ ಲೆಕ್ಕ ಹಾಕುತ್ತವೆ.